ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಗಿಡಮೂಲಿಕೆಗಳ ಅಂಶಗಳು: ಪ್ರಯೋಗಾಲಯದ ಫಲಿತಾಂಶವೂ ರೋಗಿಯ ಚಿಕಿತ್ಸೆಯೂ

(ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಭಾಗದ ಸಾರ್ವಜನಿಕರ ಹಾಗೂ ಚಿಕಿತ್ಸಾ ನೆರವಿಗೆ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ)

ಬೇವು, ಅರಿಶಿನ, ಅಶ್ವಗಂಧ, ದಾಳಿಂಬೆ ಮುಂತಾದವುಗಳಲ್ಲಿರುವ ನೈಸರ್ಗಿಕ ಅಂಶಗಳು ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳನ್ನು ನಾಶಪಡಿಸುತ್ತವೆ ಎಂಬ ಸುದ್ದಿಗಳು ಪತ್ರಿಕೆಗಳಲ್ಲಿಯೂ ಮೊಬೈಲ್ ಸಂದೇಶಗಳಲ್ಲಿಯೂ ಆಗಿಂದಾಗ್ಗೆ ಬರುತ್ತಿವೆ. ಈ ಸುದ್ದಿಗಳಲ್ಲಿ ಹಲವು ಸುಳ್ಳಲ್ಲ. ಅವುಗಳ ಹಿಂದೆ ನಿಜವಾಗಿಯೂ ನಡೆದ ಸಂಶೋಧನೆಗಳಿವೆ. ಆದರೆ ಸಂಶೋಧನೆಯು ಎಲ್ಲಿ, ಯಾವುದರ ಮೇಲೆ ನಡೆಯಿತು ಎಂಬ ಒಂದು ಸಾಲು ಸುದ್ದಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ. ಆ ಒಂದು ಸಾಲು ಬಿಟ್ಟುಹೋದುದರಿಂದ, ಬಯಾಪ್ಸಿ ಮಾಡಿಸಿಕೊಳ್ಳಬೇಕಾದ ಹಿರಿಯರು ಆರು ತಿಂಗಳು ಕಷಾಯ ಸೇವಿಸುತ್ತ ಕುಳಿತುಕೊಳ್ಳುವ ಸಂಭವವಿದೆ. ಈ ಹಿನ್ನೆಲೆಯಲ್ಲಿ, ಸದರಿ ವಿಷಯದಲ್ಲಿ ಇದುವರೆಗೆ ತಿಳಿದುಬಂದಿರುವ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ರೋಗದ ಸ್ವರೂಪ

ಪ್ರಾಸ್ಟೇಟ್ ಎಂಬುದು ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಸಣ್ಣ ಗ್ರಂಥಿ. ವಯಸ್ಸಾದಂತೆ ಇದು ಹಿಗ್ಗುವುದು ಸಾಮಾನ್ಯ. ರಾತ್ರಿ ಮೂರು ನಾಲ್ಕು ಬಾರಿ ಎದ್ದು ಮೂತ್ರಕ್ಕೆ ಹೋಗಬೇಕಾಗುವುದು, ಧಾರೆ ಸಣ್ಣದಾಗುವುದು, ಮೂತ್ರ ಪೂರ್ಣವಾಗಿ ಹೋಗಲಿಲ್ಲವೆನಿಸುವುದು ಇದರ ಲಕ್ಷಣಗಳು. ಆಯುರ್ವೇದ ಗ್ರಂಥಗಳಲ್ಲಿ ಮೂತ್ರಾಘಾತವೆಂಬ ಹೆಸರಿನಡಿ ಇಂತಹ ತೊಂದರೆಗಳ ವಿವರಣೆಯಿದ್ದು, ಈ ಭಾಗದ ಹೊಲದ ಬದುಗಳಲ್ಲಿ ತಾನಾಗಿಯೇ ಬೆಳೆಯುವ ನೆಗ್ಗಿಲು ಮುಳ್ಳನ್ನು ಮೂತ್ರ ಸಂಬಂಧಿ ತೊಂದರೆಗಳಿಗೆ ಹಿಂದಿನಿಂದಲೂ ಬಳಸಲಾಗುತ್ತಿದೆ.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಕೇವಲ ವಯೋಸಹಜವಾದ ಹಿಗ್ಗುವಿಕೆಯಲ್ಲಿಯೂ ಕ್ಯಾನ್ಸರಿನಲ್ಲಿಯೂ ಇದೇ ಲಕ್ಷಣಗಳು ಕಂಡುಬರಬಹುದು. ಕ್ಯಾನ್ಸರ್ ಆರಂಭದ ಹಂತದಲ್ಲಿದ್ದರೆ ಯಾವ ಲಕ್ಷಣವೂ ಇಲ್ಲದಿರಬಹುದು. ಸಂಡೂರಿನ ಹಳ್ಳಿಯೊಂದರ ನಾಟಿ ವೈದ್ಯರು ಕೊಟ್ಟ ಪುಡಿಯಿಂದಾಗಲಿ, ಹೊಸಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ ಕೊಂಡ ಮೂಲಿಕೆಯಿಂದಾಗಲಿ ಮೂತ್ರ ಸರಾಗವಾಯಿತೆಂದರೆ, ಅದರಿಂದ ಕ್ಯಾನ್ಸರ್ ಇಲ್ಲವೆಂದೋ ಇದ್ದದ್ದು ಹೋಯಿತೆಂದೋ ತೀರ್ಮಾನಿಸಲು ಬರುವುದಿಲ್ಲ. ಪಿ.ಎಸ್.ಎ. ಎಂಬ ರಕ್ತಪರೀಕ್ಷೆ, ವೈದ್ಯರ ಬೆರಳಿನ ತಪಾಸಣೆ ಮತ್ತು ಅಗತ್ಯವಿದ್ದಲ್ಲಿ ಬಯಾಪ್ಸಿ, ಇವುಗಳಿಂದ ಮಾತ್ರ ಅದು ತಿಳಿಯುತ್ತದೆ. ಪಿ.ಎಸ್.ಎ. ಹೆಚ್ಚಾಗಿದ್ದ ಮಾತ್ರಕ್ಕೆ ಕ್ಯಾನ್ಸರ್ ಎಂದು ಗಾಬರಿಯಾಗುವುದೂ ತಪ್ಪು. ಸೋಂಕಿನಿಂದಲೂ ಹಿಗ್ಗುವಿಕೆಯಿಂದಲೂ ಅದು ಏರುತ್ತದೆ.

ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯಲು ಪುರುಷ ಹಾರ್ಮೋನು ಬೇಕು. ಅಮೆರಿಕದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ಇದನ್ನು ರೋಗಿಗಳಲ್ಲಿಯೇ ತೋರಿಸಿದರು, 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಲಭಿಸಿತು. ಮುಂದುವರಿದ ರೋಗದಲ್ಲಿ ಹಾರ್ಮೋನನ್ನು ತಗ್ಗಿಸುವ ಚುಚ್ಚುಮದ್ದು ಅಥವಾ ವೃಷಣಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯೇ ಇಂದಿಗೂ ಚಿಕಿತ್ಸೆಯ ಬುನಾದಿ. ಮುಂದೆ ಅಶ್ವಗಂಧದ ವಿಷಯ ಬಂದಾಗ ಓದುಗರು ಇದನ್ನು ನೆನಪಿಗೆ ತಂದುಕೊಳ್ಳುವುದು ಸೂಕ್ತ.

ಗಾಜಿನ ತಟ್ಟೆಯಲ್ಲಿ ನಡೆಯುವುದು

"ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳ ಮೇಲೆ ಪರೀಕ್ಷಿಸಲಾಯಿತು" ಎಂದು ವರದಿಗಳಲ್ಲಿ ಬರುವಾಗ, ಸಾಮಾನ್ಯವಾಗಿ ಅದು ಯಾವುದೋ ಆಸ್ಪತ್ರೆಯಲ್ಲಿ ಈಗ ಮಲಗಿರುವ ರೋಗಿಯ ಮಾತಲ್ಲ. ಸಂಶೋಧನೆಯಲ್ಲಿ ಅತಿ ಹೆಚ್ಚಾಗಿ ಬಳಕೆಯಾಗುವ ಪಿಸಿ-3 ಎಂಬ ಜೀವಕೋಶಗಳು 1979ರಲ್ಲಿ, 62 ವರ್ಷದ ಒಬ್ಬ ರೋಗಿಯ ಮೂಳೆಗೆ ಹರಡಿದ್ದ ಗಡ್ಡೆಯಿಂದ ತೆಗೆದು ಬೆಳೆಸಿದವು. ಅಂದಿನಿಂದ ಅವು ಜಗತ್ತಿನ ಪ್ರಯೋಗಾಲಯಗಳಲ್ಲಿ ಗಾಜಿನ ಹಾಗೂ ಪ್ಲಾಸ್ಟಿಕ್ ತಟ್ಟೆಗಳಲ್ಲಿ ದ್ವಿಗುಣಗೊಳ್ಳುತ್ತಲೇ ಇವೆ. ಇವುಗಳ ಮೇಲೆ ಮೂಲಿಕೆಯ ಸಾರವನ್ನು ಸುರಿದು, ಎಷ್ಟು ಜೀವಕೋಶಗಳು ಸತ್ತವು ಎಂದು ಎಣಿಸಲಾಗುತ್ತದೆ.

ಈ ವಿಧಾನದಿಂದ ದೊರೆತ ಫಲಿತಾಂಶಗಳು ಕುತೂಹಲಕರವಾಗಿವೆ ಎಂಬುದರಲ್ಲಿ ಸಂದೇಹವಿಲ್ಲ. ಅಶ್ವಗಂಧದಲ್ಲಿರುವ ವಿಥಾಫೆರಿನ್-ಎ ಎಂಬ ಅಂಶವು, ಹಾರ್ಮೋನು ಚಿಕಿತ್ಸೆಗೆ ಬಗ್ಗದ ಪ್ರಾಸ್ಟೇಟ್ ಕ್ಯಾನ್ಸರ್ ಜೀವಕೋಶಗಳಲ್ಲಿ ಪಾರ್-4 ಎಂಬ ಪ್ರೋಟೀನನ್ನು ಹೆಚ್ಚಿಸಿ, ಅವು ತಾವಾಗಿಯೇ ಸಾಯುವಂತೆ ಮಾಡುತ್ತದೆ ಎಂದು ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ವರದಿ ಮಾಡಿದರು. ಅರಿಶಿನದ ಕರ್ಕ್ಯುಮಿನ್ ಜೀವಕೋಶಗಳ ಉರಿಯೂತದ ಸಂಕೇತಗಳನ್ನು ತಡೆಯುತ್ತದೆ ಮತ್ತು ಪುರುಷ ಹಾರ್ಮೋನಿನ ಗ್ರಾಹಕಗಳನ್ನು ಕುಗ್ಗಿಸುತ್ತದೆ. ಬೇವಿನ ನಿಂಬೋಲೈಡ್ ಕುರಿತು ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 12 ವಾರಗಳ ಸೇವನೆಯಿಂದ ಗಡ್ಡೆಯ ಗಾತ್ರ ಶೇ. 70ರವರೆಗೂ ಹರಡುವಿಕೆ ಶೇ. 50ರವರೆಗೂ ಕಡಿಮೆಯಾಯಿತು. ಈ ಶೇ. 70 ಎಂಬ ಸಂಖ್ಯೆ ಸುದ್ದಿಯಾಗಿ ಬಹಳ ದೂರ ಹೋಯಿತು. ಆ ಗಡ್ಡೆಗಳಿದ್ದುದು ಇಲಿಗಳಲ್ಲಿ ಎಂಬುದು ಅಷ್ಟು ದೂರ ಹೋಗಲಿಲ್ಲ.

ತಟ್ಟೆಯಿಂದ ದೇಹಕ್ಕೆ ಬರುವಾಗ ಮೊದಲ ಅಡಚಣೆ ಪ್ರಮಾಣದ್ದು. ಈ ಬಗ್ಗೆ ಕರ್ನಾಟಕದಲ್ಲಿಯೇ ನಡೆದ ಒಂದು ಮಹತ್ವದ ಪ್ರಯೋಗವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಶುದ್ಧ ಕರ್ಕ್ಯುಮಿನ್ ನೀಡಿದಾಗ ರಕ್ತದಲ್ಲಿ ಅದು ಪತ್ತೆಯೇ ಆಗಲಿಲ್ಲ ಅಥವಾ ಅತ್ಯಲ್ಪವಾಗಿತ್ತು. ಜೊತೆಗೆ ಕಾಳುಮೆಣಸಿನ ಪೈಪರಿನ್ ಅಂಶವನ್ನು ಕೇವಲ 20 ಮಿಲಿಗ್ರಾಂ ಸೇರಿಸಿದಾಗ ದೇಹಕ್ಕೆ ಲಭ್ಯವಾದ ಪ್ರಮಾಣ ಶೇ. 2000ರಷ್ಟು ಏರಿತು. ಈ ಎರಡನೆಯ ಸಂಖ್ಯೆಯನ್ನು ಅರಿಶಿನದ ಮಾತ್ರೆಗಳ ಮಾರಾಟಗಾರರು ತಪ್ಪದೆ ಮುದ್ರಿಸುತ್ತಾರೆ. ಆದರೆ ಸೊನ್ನೆಗೆ ಸಮೀಪವಿರುವ ಮೊತ್ತವು ಇಪ್ಪತ್ತು ಪಟ್ಟಾದರೂ ಸಣ್ಣ ಮೊತ್ತವೇ. ಲೆಕ್ಕಪತ್ರ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಟ್ಟೆಯಲ್ಲಿ ಜೀವಕೋಶಗಳನ್ನು ಕೊಂದ ಸಾಂದ್ರತೆಯು ಅಡುಗೆಯ ಅರಿಶಿನದಿಂದಾಗಲಿ ಹಾಲಿಗೆ ಬೆರೆಸಿದ ಅರಿಶಿನದಿಂದಾಗಲಿ ರಕ್ತದಲ್ಲಿ ಉಂಟಾಗುವುದಿಲ್ಲ. ಕರ್ಕ್ಯುಮಿನ್ ಮತ್ತು ಕ್ಯಾನ್ಸರ್ ಕುರಿತ ಹಲವು ಪ್ರಬಂಧಗಳನ್ನು ವೈಜ್ಞಾನಿಕ ಪತ್ರಿಕೆಗಳು ನಂತರದ ವರ್ಷಗಳಲ್ಲಿ ಹಿಂತೆಗೆದುಕೊಂಡಿರುವುದನ್ನೂ ಇಲ್ಲಿ ದಾಖಲಿಸಬೇಕಾಗುತ್ತದೆ.

ದಾಳಿಂಬೆಯ ಪ್ರಕರಣ

ಈ ಇಡೀ ವಿಷಯವನ್ನು ಅರ್ಥಮಾಡಿಕೊಳ್ಳಲು ದಾಳಿಂಬೆಯ ಉದಾಹರಣೆಯೊಂದೇ ಸಾಕಾಗಬಹುದು. ಕೊಪ್ಪಳ ಮತ್ತು ವಿಜಯನಗರ ಜಿಲ್ಲೆಗಳಲ್ಲಿ ದಾಳಿಂಬೆ ತೋಟಗಳಿರುವುದರಿಂದ ಈ ಭಾಗದ ಓದುಗರಿಗೆ ಇದು ಹತ್ತಿರದ ವಿಷಯವೂ ಹೌದು.

ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆಯ ನಂತರವೂ ಪಿ.ಎಸ್.ಎ. ಮತ್ತೆ ಏರತೊಡಗಿದ ರೋಗಿಗಳಿಗೆ ಪ್ರತಿದಿನ ಒಂದು ಲೋಟ ದಾಳಿಂಬೆ ರಸ ನೀಡಿ ನಡೆಸಿದ ಅಧ್ಯಯನವೊಂದು 2006ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಿಂದ ಪ್ರಕಟವಾಯಿತು. ಪಿ.ಎಸ್.ಎ. ಎಷ್ಟು ತಿಂಗಳಿಗೊಮ್ಮೆ ಎರಡು ಪಟ್ಟಾಗುತ್ತದೆ ಎಂಬುದು ರೋಗದ ವೇಗದ ಒಂದು ಅಳತೆ. ರಸ ಸೇವನೆಗೆ ಮೊದಲು ಅದು ಸರಾಸರಿ 15 ತಿಂಗಳಿದ್ದುದು ನಂತರ 54 ತಿಂಗಳಾಯಿತು. ಇದು ಯಾರಿಗಾದರೂ ಆಶಾದಾಯಕವಾಗಿ ತೋರುವ ಫಲಿತಾಂಶ. ಆದರೆ ಆ ಅಧ್ಯಯನದಲ್ಲಿ ಎಲ್ಲರಿಗೂ ರಸವನ್ನೇ ನೀಡಲಾಗಿತ್ತು. ರಸ ಕುಡಿಯದವರ ಗುಂಪು ಇರಲಿಲ್ಲ.

ಅದೇ ಸಂಶೋಧಕರು ಸೇರಿದಂತೆ ಹಲವರು ಎರಡನೆಯ ಬಾರಿ ಸರಿಯಾದ ಕ್ರಮದಲ್ಲಿ ಪರೀಕ್ಷೆ ನಡೆಸಿದರು. 183 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ದಾಳಿಂಬೆಯ ಸಾರ, ಕೆಲವರಿಗೆ ರಸ, ಉಳಿದವರಿಗೆ ರುಚಿಯಲ್ಲಿಯೂ ಬಣ್ಣದಲ್ಲಿಯೂ ಅದನ್ನೇ ಹೋಲುವ ಬರಿಯ ಪಾನೀಯ ನೀಡಲಾಯಿತು. ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ತಿಳಿಸಿರಲಿಲ್ಲ. 2015ರಲ್ಲಿ ಫಲಿತಾಂಶ ಬಂದಾಗ, ಬರಿಯ ಪಾನೀಯ ಕುಡಿದವರಲ್ಲಿಯೂ ಪಿ.ಎಸ್.ಎ. ಎರಡು ಪಟ್ಟಾಗುವ ಅವಧಿಯು 11 ತಿಂಗಳಿಂದ 15 ತಿಂಗಳಿಗೂ ಮೀರಿ ಏರಿತ್ತು. ಮೂರು ಗುಂಪುಗಳ ನಡುವೆ ಪರಿಗಣಿಸತಕ್ಕ ವ್ಯತ್ಯಾಸ ಕಂಡುಬರಲಿಲ್ಲ. ಎಂದರೆ ಮೊದಲ ಅಧ್ಯಯನದ ಸುಧಾರಣೆಗೆ ದಾಳಿಂಬೆಯೇ ಕಾರಣವೆಂದು ಹೇಳಲು ಆಧಾರ ಉಳಿಯಲಿಲ್ಲ. ದಾಳಿಂಬೆ ತಿನ್ನಬಾರದೆಂದು ಇದರ ಅರ್ಥವಲ್ಲ. ಅದು ಒಳ್ಳೆಯ ಹಣ್ಣು, ಔಷಧವಲ್ಲ.

ಈ ರೋಗವು ಮೋಸಗೊಳಿಸುವ ಬಗೆ

ಏನನ್ನೂ ಸೇವಿಸದವರಲ್ಲಿಯೂ ಸುಧಾರಣೆ ಕಂಡದ್ದು ಹೇಗೆ? ಪ್ರಾಸ್ಟೇಟ್ ಕ್ಯಾನ್ಸರ್ ಅನೇಕರಲ್ಲಿ ಅತ್ಯಂತ ನಿಧಾನವಾಗಿ ಬೆಳೆಯುತ್ತದೆ, ಪಿ.ಎಸ್.ಎ. ಪ್ರಮಾಣವು ತಾನಾಗಿಯೇ ಏರಿಳಿಯುತ್ತದೆ. ಬ್ರಿಟನ್ನಿನಲ್ಲಿ ರೋಗವು ಗ್ರಂಥಿಗೆ ಸೀಮಿತವಾಗಿದ್ದ 1,643 ಪುರುಷರನ್ನು ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಹಾಗೂ ಕೇವಲ ನಿಯತ ತಪಾಸಣೆ ಎಂಬ ಮೂರು ಗುಂಪುಗಳಲ್ಲಿ ಸುಮಾರು 15 ವರ್ಷ ಗಮನಿಸಲಾಯಿತು. 2023ರಲ್ಲಿ ಪ್ರಕಟವಾದ ವರದಿಯಂತೆ, ಒಟ್ಟು 45 ಮಂದಿ, ಎಂದರೆ ಶೇ. 2.7ರಷ್ಟು ಜನ ಈ ರೋಗದಿಂದ ಮೃತಪಟ್ಟರು. ಮೂರು ಗುಂಪುಗಳಲ್ಲಿಯೂ ಈ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಇಂತಹ ನಿಧಾನಗತಿಯ ರೋಗದಲ್ಲಿ, ಪುಡಿ ಸೇವಿಸಿದ ವ್ಯಕ್ತಿ ಐದು ವರ್ಷ ಆರೋಗ್ಯವಾಗಿದ್ದರೆ ಕೀರ್ತಿಯು ಪುಡಿಗೆ ಸಲ್ಲುತ್ತದೆ. ಪುಡಿ ಸೇವಿಸದೆಯೂ ಅವರು ಹಾಗೆಯೇ ಇರುತ್ತಿದ್ದರೇ ಎಂಬುದನ್ನು ಯಾರೂ ಕೇಳುವುದಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರ ವರದಿಯಲ್ಲಿ, ನಾಲ್ಕು ಬಗೆಯ ಕ್ಯಾನ್ಸರಿಗೆ ಆಧುನಿಕ ಚಿಕಿತ್ಸೆಯನ್ನು ಬಿಟ್ಟು ಪರ್ಯಾಯ ಔಷಧವನ್ನು ಮಾತ್ರ ಆಯ್ದುಕೊಂಡ 281 ರೋಗಿಗಳನ್ನು ಪರಿಶೀಲಿಸಿದರು. ಒಟ್ಟಾರೆಯಾಗಿ ಅವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟಿತ್ತು, ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಹೆಚ್ಚು. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಮಾತ್ರ ಆ ಅವಧಿಯಲ್ಲಿ ವ್ಯತ್ಯಾಸ ಕಾಣಿಸಲಿಲ್ಲ. ಇದನ್ನು ಮೂಲಿಕೆಯ ಗೆಲುವೆಂದು ಓದುವವರಿದ್ದಾರೆ. ರೋಗದ ನಿಧಾನಗತಿ ಮತ್ತು ಗಮನಿಸಿದ ಅವಧಿ ಚಿಕ್ಕದಾಗಿದ್ದುದೇ ಇದಕ್ಕೆ ಕಾರಣವೆಂಬುದು ಸಂಶೋಧಕರ ವಿವರಣೆ.

ಬ್ರಿಟನ್ನಿನ ಅಧ್ಯಯನವನ್ನು ತಪ್ಪಾಗಿ ಅರ್ಥೈಸದಿರಲು ಇನ್ನೊಂದು ಮಾತು ಅಗತ್ಯ. ಅಲ್ಲಿನವರು ಲಕ್ಷಣಗಳಿಲ್ಲದಿರುವಾಗಲೇ ಪಿ.ಎಸ್.ಎ. ಪರೀಕ್ಷೆಯಿಂದ ಪತ್ತೆಯಾದವರು, ತಪಾಸಣೆಯಲ್ಲಿ ರೋಗ ಮುಂದುವರಿದುದು ಕಂಡಾಗ ಅವರಿಗೆ ಚಿಕಿತ್ಸೆ ದೊರೆಯಿತು. ನಮ್ಮಲ್ಲಿ ಸೊಂಟದ ಮೂಳೆ ನೋವು ಅಥವಾ ಮೂತ್ರ ಕಟ್ಟಿಕೊಂಡ ನಂತರವೇ ಆಸ್ಪತ್ರೆಗೆ ಬರುವವರ ಸಂಖ್ಯೆ ಗಣನೀಯ. ಆ ಹಂತದಲ್ಲಿ ರೋಗ ನಿಧಾನವಾಗಿರುವುದಿಲ್ಲ. ಬೆನ್ನುಮೂಳೆಗೆ ಹರಡಿ ಕಾಲುಗಳ ಸ್ವಾಧೀನ ತಪ್ಪುವ ಅಪಾಯವೂ ಇರುತ್ತದೆ.

ಶಿವಮೊಗ್ಗ ಜಿಲ್ಲೆಯ ಆನಂದಪುರದ ಸಮೀಪದ ನರಸೀಪುರದಲ್ಲಿ, 2020ರಲ್ಲಿ ನಿಧನರಾದ ನಾರಾಯಣಮೂರ್ತಿ ವೈದ್ಯರ ಮನೆಯ ಮುಂದೆ ನಾಡಿನ ಎಲ್ಲೆಡೆಯಿಂದ ಬಂದ ಕ್ಯಾನ್ಸರ್ ರೋಗಿಗಳೂ ಅವರ ಮನೆಯವರೂ ರಾತ್ರಿಯಿಂದಲೇ ಸಾಲುಗಟ್ಟುತ್ತಿದ್ದುದು ಅನೇಕರ ನೆನಪಿನಲ್ಲಿದೆ. ಅಷ್ಟು ದೂರ ಜನರನ್ನು ಕರೆದೊಯ್ಯುವುದು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಚಿಕಿತ್ಸೆಯ ವೆಚ್ಚ, ದೊಡ್ಡಾಸ್ಪತ್ರೆಯ ಭಯ, ಮಾತನ್ನು ಕೇಳಿಸಿಕೊಳ್ಳುವ ವೈದ್ಯರ ಅಭಾವ, ಇವೆಲ್ಲವೂ ಆ ಸಾಲಿನಲ್ಲಿ ನಿಂತಿದ್ದವು. ಆದರೆ ಹೋಲಿಸಲು ಎರಡನೆಯ ಗುಂಪಿಲ್ಲದೆ, ಗುಣವಾಯಿತೆಂದು ಬಂದು ಹೇಳಿದವರ ಮಾತಿನಿಂದ ಮಾತ್ರ ಯಾವ ಔಷಧದ ಬಗ್ಗೆಯೂ ನಿರ್ಣಯಕ್ಕೆ ಬರಲಾಗದು. ಗುಣವಾಗದವರು ಹೇಳಲು ಮರಳಿ ಬರುವುದಿಲ್ಲ.

ಗಿಡದಿಂದ ಬಂದು ಪರೀಕ್ಷೆಯಲ್ಲಿ ಉತ್ತೀರ್ಣವಾದ ಔಷಧ

ಗಿಡಗಳಿಂದ ಕ್ಯಾನ್ಸರ್ ಔಷಧ ದೊರೆಯುವುದೇ ಇಲ್ಲವೆಂದು ಭಾವಿಸಬಾರದು. ಮನೆಯಂಗಳದ ಕಾಶಿಕಣಗಿಲೆಯಿಂದ ರಕ್ತದ ಕ್ಯಾನ್ಸರಿನ ವಿನ್‌ಕ್ರಿಸ್ಟಿನ್ ಬಂದಿದೆ. ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ಇಂದು ಎಲ್ಲೆಡೆ ನೀಡಲಾಗುವ ಡೋಸಿಟಾಕ್ಸೆಲ್ ಚುಚ್ಚುಮದ್ದನ್ನು ಯೂ ಎಂಬ ಮರದ ಎಲೆಗಳಲ್ಲಿರುವ ಅಂಶವನ್ನು ಮಾರ್ಪಡಿಸಿ ತಯಾರಿಸಲಾಗುತ್ತದೆ. 1,006 ರೋಗಿಗಳ ಮೇಲೆ ನಡೆದ ತುಲನಾತ್ಮಕ ಪರೀಕ್ಷೆಯ ನಂತರ 2004ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮೋದನೆ ದೊರೆಯಿತು. ಆ ಪರೀಕ್ಷೆಯಲ್ಲಿ ಹಳೆಯ ಔಷಧ ಪಡೆದವರ ಮಧ್ಯಮ ಆಯುಷ್ಯ 16.5 ತಿಂಗಳು, ಡೋಸಿಟಾಕ್ಸೆಲ್ ಪಡೆದವರದು 18.9 ತಿಂಗಳು. ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚಿನ ಈ ಲಾಭ ಸಣ್ಣದೆನಿಸಬಹುದು. ಆದರೆ ಅದು ಎಣಿಸಿ ತಾಳೆ ನೋಡಿದ ಲಾಭ. ಅದೇ ಮರದ ಎಲೆಯನ್ನು ಕುದಿಸಿ ಕುಡಿದರೆ ಹೃದಯ ನಿಂತು ಸಾವು ಸಂಭವಿಸುತ್ತದೆ.

ಹಾನಿಯ ಸಂಭವ

"ಗಿಡಮೂಲಿಕೆ ತಾನೆ, ಉಪಯೋಗವಾಗದಿದ್ದರೂ ತೊಂದರೆಯಿಲ್ಲ" ಎಂಬುದು ರೂಢಿಯ ಮಾತು. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಈ ಮಾತಿಗೆ ವಿರುದ್ಧವಾದ ನಿದರ್ಶನಗಳಿವೆ. ಪಿಸಿ-ಸ್ಪೆಸ್ ಎಂಬ ಎಂಟು ಮೂಲಿಕೆಗಳ ಗುಳಿಗೆ 1990ರ ದಶಕದಲ್ಲಿ ಅಮೆರಿಕದಲ್ಲಿ ಬಹಳ ಪ್ರಸಿದ್ಧವಾಗಿತ್ತು, ಅದು ಪಿ.ಎಸ್.ಎ.ಯನ್ನು ನಿಜವಾಗಿಯೂ ಇಳಿಸುತ್ತಿತ್ತು. ವಿಶ್ಲೇಷಿಸಿ ನೋಡಿದಾಗ ಅದರಲ್ಲಿ ಸ್ತ್ರೀ ಹಾರ್ಮೋನಿನ ಕೃತಕ ರೂಪವೂ ರಕ್ತ ತೆಳುಗೊಳಿಸುವ ವಾರ್ಫರಿನ್ ಔಷಧವೂ ಬೆರೆತಿರುವುದು ಕಂಡುಬಂದು, 2002ರಲ್ಲಿ ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಕೆಲಸ ಮಾಡಿದ್ದು ಮೂಲಿಕೆಯೆಂದು ರೋಗಿಗಳು ನಂಬಿದ್ದರು.

ಅಶ್ವಗಂಧದ ವಿಷಯದಲ್ಲಿ ಎಚ್ಚರಿಕೆ ಹೆಚ್ಚು ಅಗತ್ಯ. ತಟ್ಟೆಯಲ್ಲಿ ಕ್ಯಾನ್ಸರ್ ಜೀವಕೋಶವನ್ನು ಕೊಂದ ಅದೇ ಗಿಡವು, ಮನುಷ್ಯರಲ್ಲಿ ಪುರುಷ ಹಾರ್ಮೋನನ್ನು ಹೆಚ್ಚಿಸಬಹುದೆಂದು ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ. ಒಂದೆಡೆ ಹಾರ್ಮೋನು ತಗ್ಗಿಸಲು ಚುಚ್ಚುಮದ್ದು, ಇನ್ನೊಂದೆಡೆ ಶಕ್ತಿಗೆಂದು ಅಶ್ವಗಂಧ ಎಂದಾದರೆ ಚಿಕಿತ್ಸೆಯ ಉದ್ದೇಶವೇ ಕೆಡಬಹುದು. ಹಾರ್ಮೋನನ್ನು ಅವಲಂಬಿಸಿರುವ ಪ್ರಾಸ್ಟೇಟ್ ಕ್ಯಾನ್ಸರ್ ಇರುವವರು ಇದನ್ನು ಸೇವಿಸಬಾರದೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಸೂಚಿಸುತ್ತವೆ. ಕಾಳುಮೆಣಸಿನ ಸಾರವು ಕರ್ಕ್ಯುಮಿನ್ ಒಂದನ್ನೇ ಅಲ್ಲ, ಬೇರೆ ಔಷಧಗಳನ್ನೂ ರಕ್ತದಲ್ಲಿ ಹೆಚ್ಚಿಸಬಲ್ಲದು. ಅಡುಗೆಯ ಪ್ರಮಾಣದಲ್ಲಿ ಇದು ಚಿಂತೆಯ ವಿಷಯವಲ್ಲ. ಮಾತ್ರೆಯ ರೂಪದಲ್ಲಿ ಹೌದು. ಭಸ್ಮಗಳು ಸೇರಿದ ಔಷಧಗಳಲ್ಲಿ ಸೀಸ, ಪಾದರಸಗಳ ಪ್ರಶ್ನೆಯೂ ಇದೆ. 2008ರ ಅಮೆರಿಕದ ವರದಿಯೊಂದರಲ್ಲಿ ಅಂತರ್ಜಾಲದ ಮೂಲಕ ಕೊಂಡ 193 ಆಯುರ್ವೇದ ಉತ್ಪನ್ನಗಳ ಪೈಕಿ ಸುಮಾರು ಐದನೇ ಒಂದು ಭಾಗದಲ್ಲಿ ಇಂತಹ ಲೋಹಗಳು ಪತ್ತೆಯಾದವು. ಮೂತ್ರ ಕಟ್ಟಿ ಮೂತ್ರಪಿಂಡ ಮೊದಲೇ ಸೋತಿರುವ ರೋಗಿಗೆ ಇದು ಸಣ್ಣ ವಿಷಯವಲ್ಲ.

ಆಯುರ್ವೇದ ಚಿಕಿತ್ಸೆ ಬಯಸುವವರಿಗೆ ಈ ಭಾಗದಲ್ಲಿ ಅರ್ಹ ವೈದ್ಯರ ಕೊರತೆಯಿಲ್ಲ. ತುಂಗಭದ್ರೆಯ ದಡದಲ್ಲಿ ಪ್ರೇಮಾಯತನವನ್ನು ಸ್ಥಾಪಿಸಿದ ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜು ಬಳ್ಳಾರಿಯಲ್ಲಿಯೇ ಇದೆ. ಹಸಿವು, ನಿದ್ರೆ, ಮಲಬದ್ಧತೆಗಳಿಗೆ ಅಲ್ಲಿನಂತಹ ವೈದ್ಯರ ಸಲಹೆ ಪಡೆದು, ಸೇವಿಸುವ ಎಲ್ಲವನ್ನೂ ಕ್ಯಾನ್ಸರ್ ವೈದ್ಯರಿಗೆ ತಿಳಿಸುವುದರಲ್ಲಿ ತಪ್ಪಿಲ್ಲ. ಮುಚ್ಚಿಟ್ಟು ಸೇವಿಸುವುದೇ ಅಪಾಯಕರ. ಪುಡಿ, ಲೇಹ್ಯ, ಮಾತ್ರೆಗಳನ್ನು ಅವುಗಳ ಮೂಲ ಪೊಟ್ಟಣ ಸಮೇತ ಆಸ್ಪತ್ರೆಗೆ ಒಯ್ಯತಕ್ಕದ್ದು. ಪೊಟ್ಟಣದ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಹಾಗೂ ಘಟಕಗಳ ಪಟ್ಟಿ ಇಲ್ಲದಿದ್ದಲ್ಲಿ ಅದನ್ನು ಸೇವಿಸದಿರುವುದು ಲೇಸು.

ಜಾಹೀರಾತು, ದೂರು ಮತ್ತು ನೆರವು

ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಅಧಿನಿಯಮ, 1954ರ ಅನುಸೂಚಿಯಲ್ಲಿ 54 ರೋಗಗಳನ್ನು ಹೆಸರಿಸಲಾಗಿದ್ದು, ಕ್ಯಾನ್ಸರ್ ಮತ್ತು ಪ್ರಾಸ್ಟೇಟ್ ಗ್ರಂಥಿಯ ತೊಂದರೆಗಳು ಎರಡೂ ಅದರಲ್ಲಿ ಪ್ರತ್ಯೇಕವಾಗಿ ಸೇರಿವೆ. ಇವುಗಳನ್ನು ಗುಣಪಡಿಸುವುದಾಗಿ ಸಾರ್ವಜನಿಕರಿಗೆ ಜಾಹೀರಾತು ನೀಡುವುದು, ಔಷಧ ಯಾವ ಪದ್ಧತಿಯದೇ ಆಗಿರಲಿ, ಅಪರಾಧ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಕಾರಾಗೃಹ ವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಂಪಿಯ ಜಾತ್ರೆಯಲ್ಲಿ ಹಂಚಿದ ಕರಪತ್ರವಾಗಲಿ, ಹೊಸಪೇಟೆಯ ಗೋಡೆಯ ಬರಹವಾಗಲಿ, ಮೊಬೈಲಿನಲ್ಲಿ ಬಂದ ಚಿತ್ರವಾಗಲಿ, ಇಂತಹ ಜಾಹೀರಾತಿನ ಪ್ರತಿ ಅಥವಾ ಛಾಯಾಚಿತ್ರ, ದಿನಾಂಕ ಮತ್ತು ಖರೀದಿಸಿದ್ದಲ್ಲಿ ರಸೀದಿಯೊಂದಿಗೆ ಜಿಲ್ಲಾ ಆಯುಷ್ ಕಚೇರಿಗೆ ದೂರು ಸಲ್ಲಿಸಬಹುದು. ರಸೀದಿ ಕೊಡಲೊಪ್ಪದ ಮಾರಾಟಗಾರರ ಬಗ್ಗೆ ಬೇರೆ ಪುರಾವೆಯ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಕಚೇರಿ ಯಾವುದೆಂಬ ಬಗ್ಗೆ ಗೊಂದಲ ಸಹಜ. 2021ರಲ್ಲಿ ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದ ನಂತರ ಹೊಸಪೇಟೆ ಮತ್ತು ಹಂಪಿಯವರು ಹೊಸಪೇಟೆಯಲ್ಲಿರುವ ಜಿಲ್ಲಾ ಕಚೇರಿಗಳನ್ನೂ, ಸಂಡೂರು ಮತ್ತು ಕಂಪ್ಲಿಯವರು ಬಳ್ಳಾರಿಯ ಜಿಲ್ಲಾ ಕಚೇರಿಗಳನ್ನೂ ಸಂಪರ್ಕಿಸಬೇಕಾಗುತ್ತದೆ. ಕಂಪ್ಲಿಯು ಹಿಂದೆ ಹೊಸಪೇಟೆ ತಾಲ್ಲೂಕಿಗೆ ಸೇರಿದ್ದುದರಿಂದ ಅಲ್ಲಿನವರು ವಿಶೇಷವಾಗಿ ಗಮನಿಸುವುದು.

ಚಿಕಿತ್ಸಾ ವೆಚ್ಚಕ್ಕೆ ಸಂಬಂಧಿಸಿದಂತೆ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಇತರ ಕುಟುಂಬಗಳಿಗೆ ನಿಗದಿತ ದರದ ಶೇ. 30ರಂತೆ 1.5 ಲಕ್ಷ ರೂಪಾಯಿವರೆಗೆ ನೆರವು ಲಭ್ಯವಿದೆ. ಕ್ಯಾನ್ಸರ್ ಚಿಕಿತ್ಸೆಯು ಇದರ ವ್ಯಾಪ್ತಿಗೆ ಸೇರಿದೆ. ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ತೆರಳತಕ್ಕದ್ದು. ಅಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ಶಿಫಾರಸು ಪತ್ರ ನೀಡಲಾಗುತ್ತದೆ. ಶಿಫಾರಸು ಪತ್ರ ಪಡೆಯದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗಿ ನಂತರ ಅರ್ಜಿ ಸಲ್ಲಿಸಿದರೆ ತೊಡಕುಂಟಾಗುತ್ತದೆ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು 1973ರಿಂದ ಕಾರ್ಯನಿರ್ವಹಿಸುತ್ತಿದ್ದು, ಕಲಬುರಗಿಯಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಬೆಂಗಳೂರಿಗೆ ತೆರಳುವ ಕ್ಯಾನ್ಸರ್ ರೋಗಿಗೆ ಚಿಕಿತ್ಸೆ ಅಥವಾ ನಿಯತ ತಪಾಸಣೆಯ ಪ್ರಯಾಣಕ್ಕಾಗಿ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿಯೂ, ಜೊತೆಯಲ್ಲಿರುವ ಒಬ್ಬರಿಗೆ ಶೇ. 75ರ ರಿಯಾಯಿತಿಯೂ ಇದೆ. ಇದಕ್ಕೆ ಆಸ್ಪತ್ರೆಯು ನಿಗದಿತ ನಮೂನೆಯಲ್ಲಿ ನೀಡುವ ಪ್ರಮಾಣಪತ್ರ ಬೇಕಾಗುತ್ತದೆ. ಮರಳುವ ಮುನ್ನ ಮುಂದಿನ ಭೇಟಿಯ ಪ್ರಮಾಣಪತ್ರವನ್ನೂ ಕೇಳಿ ಪಡೆದುಕೊಳ್ಳುವುದು ಸೂಕ್ತ.